ಟ್ರಿಪ್ಪಿನ ಬಸ್ಸು ತಿರುಗುತ್ತಿದ್ದ ಅಂಗಳ

ಮೊಮ್ಮಗಳ ಶಾಲೆಯವರು ಟ್ರಿಪ್ಪಿಗೆ ಹೋದ ದಿನ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಸಹಸ್ರಲಿಂಗದ ಹೊಳೆಯ ಬಂಡೆಯ ಮೇಲೆ ಮಕ್ಕಳೆಲ್ಲ ಬೆರಳು ಎತ್ತಿಕೊಂಡು ನಿಂತಿರುತ್ತವೆ. ಕೆಳಗೆ ‘ಎಲ್ಲರೂ ಸುರಕ್ಷಿತ’ ಅಂತ ಬರೆದು ಒಂದು ನಗುವ ಮುಖ ಅಂಟಿಸಿರುತ್ತಾರೆ. ಸೊಸೆ ಅದನ್ನು ನೋಡಿ ಹೃದಯದ ಗುರುತು ಒತ್ತಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ನಾನು ಕನ್ನಡಕ ಹುಡುಕಿ ಫೋಟೋವನ್ನು ಹಿಗ್ಗಿಸುತ್ತೇನೆ. ಯಾರೂ ಕೇಳದೆ ಸುರಕ್ಷಿತ ಅಂತ ಇವರೇಕೆ ಹೇಳಬೇಕು? ಈ ಫೋಟೋ ತೆಗೆಯುವಾಗ ಮಾಸ್ತರರು ಮೊಬೈಲು ನೋಡುತ್ತಿದ್ದರಲ್ಲ, ಮಕ್ಕಳ ಬೆನ್ನ ಹಿಂದಿನ ನೀರನ್ನು ಯಾರು ನೋಡುತ್ತಿದ್ದರು? ತೆಗೆದದ್ದು ಬೆಳಿಗ್ಗೆಯೋ ಈಗಲೋ? ಸೊಸೆ ಇದನ್ನೆಲ್ಲ ಕೇಳಿ, ಅತ್ತೆಗೆ ದೇವರ ಮೇಲೂ ಅನುಮಾನ ಅನ್ನುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ. ಆದರೆ ಇದು ನಾನೇ ಬೆಳೆಸಿಕೊಂಡ ಗುಣ ಅಲ್ಲ, ತವರಿನಿಂದ ಬಂದದ್ದು. ನಮ್ಮದು ಗದ್ದೆ ತೋಟ ಏನೂ ಇಲ್ಲದ ಮನೆ. ಹೆಣ್ಣುಮಗಳ ಪಾಲಿಗೆ ಅಂತ ಸಿಕ್ಕಿದ್ದು ಇಷ್ಟೇ.

ಆ ಮನೆ ಇದ್ದದ್ದು ಸಿದ್ದಾಪುರ ತಾಲೂಕಿನಲ್ಲಿ, ಹೇರೂರಿನಿಂದ ಒಳಗೆ, ರಸ್ತೆ ಮುಗಿದುಹೋಗುವ ಜಾಗದಲ್ಲಿ. ಬಂದ ಬಸ್ಸು ನಮ್ಮ ಅಂಗಳದಲ್ಲೇ ತಿರುಗಬೇಕು, ಬೇರೆ ದಾರಿಯಿರಲಿಲ್ಲ. ಕೊಟ್ಟಿಗೆಯ ಹಿಂದೆ ಚೌಡಮ್ಮನ ಕಾನು ಶುರುವಾಗುತ್ತಿತ್ತು. ಯಾರೂ ಕೊಡಲಿ ಹಾಕದ ದೇವರ ಕಾಡು ಅದು. ಅದರ ನಡುವೆ ವರ್ಷವಿಡೀ ಆರದ ಒಂದು ಜೌಗು, ಜೌಗಿನಲ್ಲಿ ರಾಮಪತ್ರೆಯ ಜಾತಿಯ ದೊಡ್ಡ ದೊಡ್ಡ ಮರಗಳು. ಅವುಗಳ ಬೇರು ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತಿತ್ತು. ನೀರಿನಲ್ಲಿ ನಿಂತ ಮರ ಉಸಿರಾಡುವುದಕ್ಕೆ ಮಾಡಿಕೊಂಡ ಉಪಾಯ ಅಂತ ವಿಜ್ಞಾನದ ಮಾಸ್ತರರು ಹೇಳುತ್ತಿದ್ದರು. ಅದನ್ನು ನೋಡಲು ಹಾವೇರಿ, ರಾಣೆಬೆನ್ನೂರು, ಹಾನಗಲ್ಲಿನ ಕಡೆಯಿಂದ ಶಾಲೆಗಳು ಬರುತ್ತಿದ್ದವು. ಬೆಳಿಗ್ಗೆ ಬನವಾಸಿ, ಮಧ್ಯಾಹ್ನ ನಮ್ಮ ಕಾನು, ಸಂಜೆ ಜೋಗ. ಬಂದವರಿಗೆಲ್ಲ ಊಟ ನಮ್ಮಲ್ಲಿ. ಅಪ್ಪಯ್ಯ ಮದುವೆ ಮುಂಜಿಗಳ ಅಡಿಗೆಯವರು. ಧನುರ್ಮಾಸದಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಅಡಿಗೆಯವರಿಗೆ ಕೆಲಸವೂ ಇರುವುದಿಲ್ಲ. ಶಾಲೆಗಳು ಟ್ರಿಪ್ಪು ಹೊರಡುವುದು ಸರಿಯಾಗಿ ಅದೇ ಹೊತ್ತಿಗೆ. ಚೌಡಮ್ಮನೇ ಹೊಂದಿಸಿಕೊಟ್ಟದ್ದು ಅಂತ ಅಪ್ಪಯ್ಯ ನಂಬಿದ್ದರು. ಅಮ್ಮಮ್ಮ, ಅಂದರೆ ಅಪ್ಪಯ್ಯನ ತಾಯಿ, ಹಾಗೆ ಏನನ್ನೂ ಸುಮ್ಮನೆ ನಂಬುವವಳಲ್ಲ.

ಟ್ರಿಪ್ಪು ಬರುತ್ತದೆ ಅಂತ ತಿಳಿದರೆ ಅಮ್ಮಮ್ಮನಿಗೆ ಹಿಂದಿನ ಸಂಜೆಯಿಂದಲೇ ಯುದ್ಧದ ತಯಾರಿ. ಪೇರಲೆ ಮರದ ಕಾಯಿಗಳನ್ನು, ಹಣ್ಣಾಗಲು ವಾರ ಬೇಕಾದವನ್ನೂ ಬಿಡದೆ, ಕೊಯ್ಯಿಸಿ ಅಟ್ಟಕ್ಕೆ ಹಾಕಿಸುತ್ತಿದ್ದಳು. ಬಾವಿಯ ಹಗ್ಗ ಬಿಚ್ಚಿ ಒಳಗೆ ತರುತ್ತಿದ್ದಳು, ಪೇಟೆಯ ಮಕ್ಕಳು ಆಟಕ್ಕೆ ಕೊಡ ಬಿಡುತ್ತವೆ ಅಂತ. ಒಣಗಲು ಹರವಿದ ಮೆಣಸಿನಕಾಳು, ಜಗಲಿಯ ಮೇಲಿನ ಎಲೆಯಡಿಕೆಯ ಕವಳದ ತಟ್ಟೆ, ಅಡಕತ್ತರಿ, ದೇವರ ಮುಂದಿನ ಗಂಟೆ ಎಲ್ಲ ಅವಳ ಕೋಣೆಯ ಪೆಟ್ಟಿಗೆಗೆ. ಕರುವನ್ನೂ ಒಳಗೆ ಕಟ್ಟಿಸಿ, ದೃಷ್ಟಿಯಾಗುತ್ತದೆ ಅನ್ನುತ್ತಿದ್ದಳು. ಬೆಳಿಗ್ಗೆ ಸ್ನಾನ ಮುಗಿಸಿ ಜಗಲಿಯ ಕಂಬಕ್ಕೆ ಒರಗಿ ಕುಳಿತರೆ ಬಸ್ಸು ಹೋಗುವವರೆಗೆ ಕದಲುತ್ತಿರಲಿಲ್ಲ. ಅವಳಿಗೆ ಅಲ್ಲಿ ಇನ್ನೊಂದು ಕೆಲಸವೂ ಇತ್ತು. ಚೌಡಮ್ಮನ ಕಾನಿಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಹೆಡ್ಮಾಸ್ತರರೂ ಸರಿ, ಡ್ರೈವರೂ ಸರಿ, ನಮ್ಮ ಅಂಗಳದಲ್ಲೇ ಬಿಟ್ಟು ಬರಿಗಾಲಿನಲ್ಲಿ ಹೋಗಬೇಕು. ಆ ಚಪ್ಪಲಿಗಳ ರಾಶಿಗೆ ಅಮ್ಮಮ್ಮನೇ ಕಾವಲು. ಟ್ರಿಪ್ಪಿನವರ ಚಪ್ಪಲಿ ಕಳುವಾಗಬಾರದು ಅಂತ ಅವಳು ಕಾಯುತ್ತಿದ್ದಾಳೆ ಎಂದು ಮಾಸ್ತರರು ತಿಳಿದು, ಕೈ ಮುಗಿದು ಹೋಗುತ್ತಿದ್ದರು. ಅವಳು ಕಾಯುತ್ತಿದ್ದದ್ದು ನಮ್ಮ ಮನೆಯವರ ಚಪ್ಪಲಿಗಳನ್ನು, ಅವರಿಂದ.

ಅಡಿಗೆಮನೆಯಲ್ಲಿ ಆಯಿಯ, ಅಂದರೆ ನನ್ನ ತಾಯಿಯ ರಾಜ್ಯ. ರಾಜ್ಯ ಅಂದರೆ ಹೊಗೆ, ಬೆವರು ಮತ್ತು ಒಂದು ಮರದ ಸರಳಿನ ಕಿಟಕಿ. ಅಪ್ಪಯ್ಯ ಸಾರು, ಹುಳಿ ಇಳಿಸಿ ಮಾಸ್ತರರ ಜೊತೆ ಕಾನಿಗೆ ದಾರಿ ತೋರಿಸಲು ಹೋದರೆ ಅನ್ನ ಬಸಿಯುವುದು, ತಂಬುಳಿ ಕಡೆಯುವುದು, ಬಾಳೆಲೆ ಒರೆಸುವುದು ಎಲ್ಲ ಅವಳದ್ದೇ. ಬಯಲುಸೀಮೆಯ ಮಕ್ಕಳು ರೊಟ್ಟಿ ಕೇಳುತ್ತಿದ್ದವು. ರೊಟ್ಟಿ ಮಾಡಬೇಕು ಅಂತ ಆಯಿ, ನಮ್ಮ ಮನೆಯಲ್ಲಿ ನಮ್ಮ ಊಟ ಅಂತ ಅಪ್ಪಯ್ಯ, ಊಟದ ನೆಪದಲ್ಲಿ ಒಳಗೆ ಬಂದು ಮನೆ ನೋಡಿಕೊಂಡು ಹೋಗುತ್ತವೆ ಅಂತ ಅಮ್ಮಮ್ಮ. ಈ ಜಗಳ ಪ್ರತಿ ವರ್ಷದ್ದು. ಬಡಿಸುವಾಗ ಆಯಿ ಮಕ್ಕಳನ್ನು ಎಲ್ಲೆಲ್ಲಿಗೆ ಹೋಗಿದ್ದಿರಿ, ಏನೇನು ನೋಡಿದಿರಿ ಅಂತ ಕೇಳುತ್ತಿದ್ದಳು. ಅವು ಬಾಯಿತುಂಬ ಅನ್ನ ಇಟ್ಟುಕೊಂಡೇ ಹೇಳುತ್ತಿದ್ದವು. ಆಯಿ ಸಾರಿನ ಸೌಟು ಹಿಡಿದು ನಿಂತುಬಿಡುತ್ತಿದ್ದಳು. ಹಿಂದಿನ ಸಾಲಿನವರು ಅನ್ನ ಕಲಸದೆ ಕಾಯುತ್ತಿದ್ದರು. ನಮ್ಮ ಮನೆಯಲ್ಲಿ ಯಾರನ್ನೂ ಅನುಮಾನಿಸದೆ ಇದ್ದವಳು ಅವಳೊಬ್ಬಳೇ.

ನನಗಿದ್ದದ್ದು ಒಂದೇ ಆಸೆ. ನಾನೂ ಒಮ್ಮೆ ಟ್ರಿಪ್ಪಿಗೆ ಹೋಗಬೇಕು. ಊರೂರಿನ ಮಕ್ಕಳು ನಮ್ಮ ಅಂಗಳದಲ್ಲಿ ಇಳಿದು ಹತ್ತುವುದನ್ನು ನೋಡುತ್ತ ಬೆಳೆದ ನಾನು ಜೋಗವನ್ನೂ ನೋಡಿರಲಿಲ್ಲ, ಬನವಾಸಿಯನ್ನೂ ನೋಡಿರಲಿಲ್ಲ. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಪಾಠ ಹೇಳುವ ಅಕ್ಕೋರು ಟ್ರಿಪ್ಪಿಗೆ ಬರುವವರ ಹೆಸರು ಕೇಳುವಾಗ ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಮನೆಯಲ್ಲಿ ಬಾಯಿ ಬಿಟ್ಟರೆ ಅಮ್ಮಮ್ಮನ ಉತ್ತರ ಸಿದ್ಧವಿರುತ್ತಿತ್ತು.

“ಟ್ರಿಪ್ಪು ಹೇಳಿದ್ರೆ ಎಂತದು ಹೇಳಿ ಆನು ದಿನಾ ನೋಡ್ತೆ. ಮಾಸ್ತರ್ರಿಗೆ ಮಕ್ಕಳ ಮೇಲೆ ಗಮನ ಇಲ್ಲೆ. ಊಟಕ್ಕೆ ಯಾವಾಗ ಕರಿತ ಹೇಳಿ ಮಾತ್ರ ಗಮನ. ಯಂಗಳ ಮನೆ ಕೂಸಿನ ಕಳ್ಸ್ತ್ವಿಲ್ಲೆ.”

ಅಪ್ಪಯ್ಯ ತಾಯಿಯ ಮಾತಿಗೆ ಎದುರಾಡುವವರಲ್ಲ. ನನಗೆ ಆಗ ಬೇರೆಯೇ ಅನುಮಾನ. ಅಮ್ಮಮ್ಮನಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ, ಇವಳು ಹೋದರೆ ಎಲೆ ತೊಳೆಯಲು ಯಾರೂ ಇರುವುದಿಲ್ಲ ಅಂತ ಈ ನೆಪ ಹೂಡುತ್ತಾಳೆ ಅಂತ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳ ಒಂದೊಂದು ಮಾತನ್ನೂ ತೂಗಿ ನೋಡುತ್ತಿದ್ದೆ. ಅವಳ ವಿದ್ಯೆಯನ್ನು ಅವಳ ಮೇಲೆಯೇ ಪ್ರಯೋಗಿಸಿ ಕಲಿತೆ ಅನ್ನಬೇಕು.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಒಂದು ಶನಿವಾರ ಹಾವೇರಿ ಕಡೆಯ ಸರಕಾರಿ ಶಾಲೆಯೊಂದು ಬಂತು. ನಾನು ಬೆಳಗಿನ ಶಾಲೆ ಮುಗಿಸಿ, ದಾರಿಯಲ್ಲಿ ಹೊತ್ತು ಕಳೆದು ಮನೆ ಮುಟ್ಟುವಾಗ ಅವರ ಕಾನು ಸುತ್ತಿ ಆಗಿತ್ತು. ಊಟ ಮುಂಚೆಯೇ ಮುಗಿಸಿದ್ದರಂತೆ, ಒಬ್ಬೊಬ್ಬರಾಗಿ ಬಂದು ಕಾಲು ತೊಳೆದು ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ನನ್ನ ಮೈಮೇಲೆ ಬಿಳಿ ಅಂಗಿ, ನೀಲಿ ಲಂಗ. ಅವರದ್ದೂ ಅದೇ. ಜಡೆಗೆ ಕೆಂಪು ಟೇಪು ಕಟ್ಟಿದ್ದ ಒಬ್ಬ ಹುಡುಗಿ ನನ್ನನ್ನು ನೋಡಿ ನಕ್ಕಳು.

“ಬಸ್ಸಿನ್ಯಾಗ ಬರ್ತಿ ಏನ? ನಮ್ ಸೀಟ್ ತೋರಸ್ತೇನಿ ಬಾ.”

ಟ್ರಿಪ್ಪಿನ ಬಸ್ಸಿನ ಒಳಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಕಿಟಕಿಗೆ ಕಟ್ಟಿದ ಟವೆಲ್ಲು, ಚುರುಮುರಿಯ ವಾಸನೆ, ಸೀಟಿನ ಹಿಂದೆ ಯಾರೋ ಕೊರೆದ ಹೆಸರು ಎಲ್ಲವನ್ನೂ ಕಣ್ಣಗಲಿಸಿ ನೋಡುತ್ತ ಅವಳ ಪಕ್ಕದಲ್ಲಿ ಕುಳಿತೆ. ಅಷ್ಟರಲ್ಲಿ ಮಾಸ್ತರರು ಹತ್ತಿ, ಬೆರಳು ಮಾಡಿ ತಲೆ ಎಣಿಸುತ್ತ ಹಿಂದಿನವರೆಗೆ ಬಂದು, ನನ್ನ ತಲೆಯನ್ನೂ ಎಣಿಸಿ, ‘ಎಲ್ಲಾ ಬಂದಾರ, ಬಿಡ್ರಿ’ ಅಂತ ಡ್ರೈವರನಿಗೆ ಹೇಳಿದರು. ನಾನು ಇಳಿಯಬೇಕು ಅಂತ ಏಳುವುದರೊಳಗೆ ಹೊರಗೆ ಗದ್ದಲ ಕೇಳಿತು. ಅಮ್ಮಮ್ಮ ಬಸ್ಸಿನ ಮೂತಿಗೆ ಅಡ್ಡ ನಿಂತಿದ್ದಳು. ಅವಳ ಕೈಯಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ. ಒಂದರ ಬಾರು ನೀಲಿ, ಇನ್ನೊಂದರದ್ದು ಹಸಿರು, ಅದೂ ಕಿತ್ತದ್ದು, ಹಿಮ್ಮಡಿ ಸವೆದು ತೂತು ಬಿದ್ದಿತ್ತು.

“ಇದ್ನ ಇಲ್ಲಿ ಬಿಟ್ಟಿಕ್ಕೆ ಯಂಗಳ ಕೂಸಿನ ಹೊಸ ಚಪ್ಪಲಿ ಮೆಟ್ಗಂಡು ಹೊಂಟ್ರ? ಕೊಟ್ಟಿಕ್ಕೆ ಹೋಗಿ.”

ಮಾಸ್ತರರು ಇಳಿದರು. ಅವರಿಗೆ ಕತ್ತಲಾಗುವುದರೊಳಗೆ ಜೋಗ ಮುಟ್ಟುವ ಅವಸರ.

“ಅಮ್ಮಾರ, ನಮ್ಮ ಹುಡುಗ್ರು ಕಳ್ಳರಲ್ರಿ. ಹೊತ್ತಾತು, ದಾರಿ ಬಿಡ್ರಿ.”

“ಕಾಲು ತೋರ್ಸಲೆ ಹೇಳಿ. ಆಮೇಲೆ ಬಿಡ್ತೆ.”

ಇಂಥ ಅವಮಾನ ಯಾರಿಗೆ ಸಹಿಸುತ್ತದೆ? ಮಾಸ್ತರರ ಮುಖ ಕೆಂಪಾಯಿತು. ಆದರೂ ಮುದುಕಿ ಕದಲುವುದಿಲ್ಲ ಅಂತ ಗೊತ್ತಾಗಿ, ಕಿಟಕಿಯಿಂದ ಎಲ್ಲರೂ ಕಾಲು ಹೊರಗೆ ಹಾಕಿ ಅಂತ ಗದರಿದರು. ಬಸ್ಸಿನ ಎರಡೂ ಬದಿಗೆ ಕಾಲುಗಳು ತೂಗಾಡಿದವು. ಎಲ್ಲ ಅವರವರ ಚಪ್ಪಲಿಯೇ. ಅಮ್ಮಮ್ಮ ಒಂದೊಂದನ್ನೂ ನೋಡುತ್ತ ಬಂದು ಕೊನೆಯ ಕಿಟಕಿಯ ಹತ್ತಿರ ನಿಂತಳು. ಅಲ್ಲಿ ಶಿರಸಿ ಪೇಟೆಯಿಂದ ತಂದ ನನ್ನ ಹೊಸ ಚಪ್ಪಲಿ, ಅದರಲ್ಲಿ ನನ್ನದೇ ಕಾಲು.

“ಸಿಕ್ಚು. ಇದು ಯಂಗಳ ಕೂಸಿನ ಚಪ್ಪಲಿ,” ಅಂದಳು ಜಯದ ದನಿಯಲ್ಲಿ. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು. “ಇದು ಯಂಗಳ ಕೂಸು.”

ಮಾಸ್ತರರು ನನ್ನನ್ನು ನೋಡಿದರು. ಅಮ್ಮಮ್ಮನ ಕೈಯಲ್ಲಿದ್ದ ಹರಕು ಚಪ್ಪಲಿ ನೋಡಿದರು. ನನ್ನ ತಲೆಯೂ ಸೇರಿ ಲೆಕ್ಕ ಸರಿಯಾಗಿದ್ದರೆ ಅವರ ಮಗುವೊಂದು ಇನ್ನೂ ಕಾನಿನಲ್ಲಿದೆ. ಯಾರು ಅಂತ ಮೊದಲು ಗುರುತಿಸಿದ್ದು ಕೆಂಪು ಟೇಪಿನ ಹುಡುಗಿ.

“ಸರ್, ಅದು ನಿಂಗವ್ವನ ಚಪ್ಪಲ್ ರಿ.”

ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ ಓಡಿದರು, ಅವರ ಹಿಂದೆ ಮಾಸ್ತರರು, ಡ್ರೈವರು. ಆಯಿ ಅಡಿಗೆಮನೆಯಿಂದ ಹೊರಗೆ ಬಂದು ಬಸ್ಸಿನ ಮಕ್ಕಳನ್ನೆಲ್ಲ ಇಳಿಸಿ ಜಗಲಿಯಲ್ಲಿ ಒತ್ತೊತ್ತಾಗಿ ಕೂರಿಸಿದಳು. ಅಮ್ಮಮ್ಮ ಕಂಬಕ್ಕೆ ಒರಗಿ ಆ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹೊರಗಿನವರ ಚಪ್ಪಲಿ ಮುಟ್ಟಿದರೆ ಸ್ನಾನ ಮಾಡುವವಳು ಅವಳು. ನಾನು ಒಂದು ಮೂಲೆಯಲ್ಲಿ ನಿಂತು, ನಾನು ಆ ಬಸ್ಸಿನಲ್ಲಿ ಕುಳಿತ ಜಾಗ ನಿಂಗವ್ವನದು ಅಂತ ಯೋಚಿಸುತ್ತಿದ್ದೆ. ಬಿಸಿಲು ಕೊಟ್ಟಿಗೆಯ ಮಾಡಿನಿಂದ ಇಳಿಯುವ ಹೊತ್ತಿಗೆ ಅಪ್ಪಯ್ಯ ಅವಳ ಕೈ ಹಿಡಿದುಕೊಂಡು ಬಂದರು. ಸಣಕಲು ಹುಡುಗಿ, ನನಗಿಂತ ಗಿಡ್ಡ. ಬಹಿರ್ದೆಸೆಗೆ ಅಂತ ಗುಂಪು ಬಿಟ್ಟು ಹೋದವಳಿಗೆ ತಿರುಗಿ ಬರುವ ದಾರಿ ತಿಳಿಯದೆ, ಜೌಗಿನಲ್ಲಿ ಒಂದು ಬೇರು ತಬ್ಬಿ ಕುಳಿತಿದ್ದಳಂತೆ. ಗುಂಪಿನ ಮಾತು ಅವಳಿಗೆ ಬಹಳ ಹೊತ್ತು ಕೇಳಿಸುತ್ತಲೇ ಇತ್ತಂತೆ. ಆಯಿ ಮೊಣಕಾಲೂರಿ ಅವಳ ಕಾಲಿನ ಕೆಸರು ತೊಳೆಯುತ್ತ, ಕೂಗಿ ಕರೆಯಬಾರದಿತ್ತೇ ಅಂತ ಕೇಳಿದಳು.

“ಸರ್ ಬೈತಾರ ಅಂತ ಒದರ್ಲಿಲ್ರಿ,” ಅಂದಳು ನಿಂಗವ್ವ.

ಮಾಸ್ತರರು ಗೋಡೆಯ ಕಡೆ ಮುಖ ಮಾಡಿದರು. ಅವರು ಕೆಟ್ಟವರಲ್ಲ, ಅದನ್ನು ಹೇಳಬೇಕು. ಅಮ್ಮಮ್ಮ ತನ್ನ ಸೀರೆಯ ಪಿನ್ನು ತೆಗೆದು ನಿಂಗವ್ವನ ಚಪ್ಪಲಿಯ ಕಿತ್ತ ಬಾರಿಗೆ ಹಾಕಿ, ಅವಳ ಮುಂದೆ ಇಟ್ಟಳು. ಅಟ್ಟದಿಂದ ಪೇರಲೆಕಾಯಿಗಳನ್ನೂ ತರಿಸಿ ಎಲ್ಲ ಮಕ್ಕಳಿಗೆ ಹಂಚಿಸಿದಳು. ಒಂದೂ ಹಣ್ಣಾಗಿರಲಿಲ್ಲ. ಮಕ್ಕಳು ಕಚ್ಚಲಾರದೆ ಚೀಲಕ್ಕೆ ಹಾಕಿಕೊಂಡವು.

ಅವತ್ತಿನಿಂದ ಅಮ್ಮಮ್ಮನ ಕೀರ್ತಿ ಸುತ್ತಲೂ ಹಬ್ಬಿತು. ಮುದುಕಿ ಚಪ್ಪಲಿ ನೋಡಿಯೇ ಮಗು ಕಾಣೆಯಾದದ್ದನ್ನು ಹಿಡಿದಳು ಅಂತ ಹೇಳುತ್ತಿದ್ದರು. ಅವಳೂ ಇಲ್ಲ ಅನ್ನಲಿಲ್ಲ, ಬರಬರುತ್ತ ಅವಳೇ ಹಾಗೆ ನಂಬಿದಳು. ಅವಳು ಹಿಡಿಯಲು ಹೊರಟದ್ದು ಕಳ್ಳರನ್ನು, ಸಿಕ್ಕಿದ್ದು ನಾನು ಎಂಬುದು ನನಗೂ ಗೊತ್ತು, ಆಯಿಗೂ ಗೊತ್ತು. ಆದರೆ ತಪ್ಪು ಅನುಮಾನ ಒಂದು ಜೀವ ಉಳಿಸಿದ ಮೇಲೆ ಅದನ್ನು ತಪ್ಪು ಅನ್ನುವ ಧೈರ್ಯ ಯಾರಿಗಿದೆ? ನಮ್ಮ ಮನೆಯಲ್ಲಿ ಅನುಮಾನಕ್ಕೆ ಅವತ್ತು ಪಟ್ಟ ಕಟ್ಟಿದಂತಾಯಿತು. ನನ್ನ ಟ್ರಿಪ್ಪಿನ ಆಸೆಗಂತೂ ಅಲ್ಲಿಗೆ ಎಳ್ಳುನೀರು ಬಿಟ್ಟೆ.

ಆ ವರ್ಷ ನಮ್ಮ ಶಾಲೆಯ ಟ್ರಿಪ್ಪು ಯಲ್ಲಾಪುರದ ಕಡೆಗೆ. ಮಂಚಿಕೇರಿಯ ಮೇಲೆ ಹೋಗಿ, ಕವಡಿಕೆರೆ ನೋಡಿ, ಮಾಗೋಡು ಜಲಪಾತ, ಆಮೇಲೆ ಜೇನುಕಲ್ಲು ಗುಡ್ಡ. ನಾನು ಮನೆಯಲ್ಲಿ ಹೇಳಲೇ ಇಲ್ಲ. ಹೇಳಿದ್ದು ದಾರಿಯಲ್ಲಿ ಸಿಕ್ಕಿದ ಅಕ್ಕೋರು, ಅಪ್ಪಯ್ಯನ ಹತ್ತಿರ. ಊಟದ ಹೊತ್ತಿಗೆ ಆ ಮಾತು ಬಂತು. ಅಮ್ಮಮ್ಮ ತುತ್ತು ಕೆಳಗಿಟ್ಟಳು.

“ಅಷ್ಟೆಲ್ಲ ಆದ್ಮೇಲೂ ಕೇಳ್ತ್ರಲೆ. ಬ್ಯಾಡ ಹೇಳಿದ್ರೆ ಬ್ಯಾಡ.”

ಬಡಿಸುತ್ತಿದ್ದ ಆಯಿ ನಿಂತಳು. ಅತ್ತೆಯ ಎದುರು ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಆ ನಿಂಗವ್ವಂಗೂ ಅಬ್ಬೆ ಇದ್ದಿಕ್ಕು. ಅದೂ ಕಳ್ಸಿತ್ತಲಿ. ಇದು ಒಂದ್ಸಲ ಹೋಗಿಕ್ಕೆ ಬರ್ಲಿ.”

ಅಪ್ಪಯ್ಯ ಎಲೆಯಲ್ಲೇ ಕಣ್ಣಿಟ್ಟರು. ಅಮ್ಮಮ್ಮ ಮೊಸರನ್ನ ಮುಗಿಸಿದಳು. ಕೈ ತೊಳೆದು ಬಂದು ನನ್ನನ್ನು ಹತ್ತಿರ ಕರೆದಳು.

“ಹೋಗು. ಆದ್ರೆ ಮಾಸ್ತರ್ರ ಲೆಕ್ಕ ನಂಬಡ. ಯಾರು ಎಲ್ಲಿದ್ದ ಹೇಳಿ ನೀನೇ ನೋಡ್ತಾ ಇರು. ಒಂದು ಮಗು ತಪ್ಪಿದ್ರೂ ನೀನೇ ಹೇಳಕ್ಕು.”

ನನಗೆ ಆದ ಸಂತೋಷಕ್ಕೆ ಎಲ್ಲದಕ್ಕೂ ಹೂಂ ಅಂದೆ. ಹೂಂ ಅಂದದ್ದರ ಭಾರ ತಿಳಿದದ್ದು ಬಸ್ಸು ಹತ್ತಿದ ಮೇಲೆ. ಅಕ್ಕೋರು ತಲೆ ಎಣಿಸಿದರು. ನಾನು ಅವರ ಹಿಂದೆಯೇ ಮತ್ತೆ ಎಣಿಸಿದೆ. ಎಣಿಸಿದ ತಲೆಗಳಲ್ಲಿ ಬೇರೆ ಊರಿನದೇನಾದರೂ ಇದೆಯೇ ಅಂತ ಮುಖಗಳನ್ನೂ ನೋಡಿದೆ. ಕವಡಿಕೆರೆಯಲ್ಲಿ ಎಲ್ಲರೂ ನೀರಿನಲ್ಲಿ ಕಲ್ಲು ಕುಪ್ಪಳಿಸುವ ಆಟ ಆಡಿದರು, ನಾನು ದಂಡೆಯ ಮೇಲೆ ನಿಂತು ಅಂಚಿಗೆ ಹೋದವರ ಹೆಸರು ಕೂಗಿದೆ. ಯಾರಾದರೂ ಗಿಡದ ಮರೆಗೆ ಹೋದರೆ ವಾಪಸು ಬರುವವರೆಗೆ ಕಾಯುತ್ತಿದ್ದೆ. ಗೆಳತಿಯರಿಗೆ ಸಿಟ್ಟು ಬಂದು, ನೀನೇನು ನಮ್ಮ ಅಕ್ಕೋರಾ ಅಂತ ಕೇಳಿದರು. ಮಾಗೋಡಿನಲ್ಲಿ ಕಬ್ಬಿಣದ ಸರಳಿನ ಹತ್ತಿರ ಎಲ್ಲರೂ ಒಮ್ಮೆಗೇ ನುಗ್ಗಿದಾಗ ನನಗೆ ಜೀವವೇ ಹೋದಂತಾಯಿತು. ಸರಳಿಗೆ ಬೆನ್ನು ಕೊಟ್ಟು ಅವರ ಕಡೆ ಮುಖ ಮಾಡಿ ನಿಂತೆ, ಯಾರೂ ಹತ್ತಬಾರದು ಅಂತ. ಬೆನ್ನ ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಎದುರಿಗೆ ಗೆಳತಿಯರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅವರು ನೋಡಿ ಮುಗಿಸುವ ಹೊತ್ತಿಗೆ ಅಕ್ಕೋರು ಸೀಟಿ ಊದಿದರು, ನಾನು ಬಸ್ಸಿನ ಬಾಗಿಲಿಗೆ ಓಡಿದೆ. ಜೇನುಕಲ್ಲು ಗುಡ್ಡದಲ್ಲಿ ಸೂರ್ಯ ಮುಳುಗಿದ್ದೂ ನನಗೆ ಗೊತ್ತಾದದ್ದು ಮುಖಗಳು ಮಸುಕಾದಾಗ.

ಎಲ್ಲರೂ ತಿರುಗಿ ಬಂದರು. ಒಬ್ಬರೂ ತಪ್ಪಲಿಲ್ಲ. ನನ್ನನ್ನು ಮನೆಯ ಹತ್ತಿರ ಇಳಿಸಿದಾಗ ಅಮ್ಮಮ್ಮ ದೀಪ ಹಿಡಿದು ಜಗಲಿಯಲ್ಲೇ ಇದ್ದಳು.

“ಎಲ್ಲ ಬೈಂದ್ವ?”

“ಎಲ್ಲ ಬೈಂದ ಅಮ್ಮಮ್ಮ. ಆನು ನೋಡ್ತಾನೇ ಇದ್ದಿದ್ದೆ.”

ಅವಳು ನನ್ನ ಬೆನ್ನು ಸವರಿದಳು. ಜಾಣೆ ಅಂದಳು. ಅವಳ ಬಾಯಲ್ಲಿ ಆ ಮಾತು ನನ್ನ ಪಾಲಿಗೆ ಬಂದದ್ದು ಅದೇ ಮೊದಲು, ನನಗೆ ಹೆಮ್ಮೆಯೇ ಆಯಿತು. ಆ ಹೆಮ್ಮೆಯಲ್ಲೇ ಅಡಿಗೆಮನೆಗೆ ಹೋಗಿ ಮಣೆ ಹಾಕಿ ಕುಳಿತೆ. ಆಯಿ ನನಗಾಗಿ ಒಲೆಯ ಬುಡದಲ್ಲಿ ಬಿಸಿ ಮಾಡಿಟ್ಟಿದ್ದ ಅನ್ನ ಬಡಿಸಿದಳು. ಸಾರಿನ ಸೌಟು ಕೈಯಲ್ಲೇ ಇತ್ತು.

“ನೀರು ಹ್ಯಾಂಗೆ ಬೀಳ್ತು ಅಲ್ಲಿ?”

“ಮೇಲಿಂದ ಬೀಳ್ತು.”

“ಅದು ಗೊತ್ತಿದ್ದು. ಒಂದೇ ಸಲ ಬೀಳ್ತ, ಮೆಟ್ಲು ಮೆಟ್ಲಾಗಿ ಬೀಳ್ತ? ಕೆಳಗೆ ನೆಲ ಕಾಣ್ತ?”

ನಾನು ಅನ್ನದಲ್ಲಿ ಗುಳಿ ಮಾಡಿ ಸಾರಿಗೆ ಕಾದೆ. ಆಯಿ ಬಡಿಸಲಿಲ್ಲ. ಟ್ರಿಪ್ಪಿನ ಮಕ್ಕಳ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತು ಕಾಯುತ್ತಿದ್ದಳು. ಕಡೆಗೆ ಅವಳ ಮುಖ ನೋಡಲಾರದೆ ಹೇಳಿಬಿಟ್ಟೆ.

“ಗೊತ್ತಿಲ್ಲೆ ಆಯಿ. ಆನು ಮಕ್ಕಳನ್ನ ನೋಡ್ತಾ ಇದ್ದಿದ್ದೆ.”

ಆಯಿ ಸೌಟನ್ನು ಪಾತ್ರೆಗೆ ಹಾಕಿದಳು. ಜಗಲಿಗೆ ಹೋಗುವ ಬಾಗಿಲಿನಲ್ಲಿ ನಿಂತು, ಅತ್ತೆಗೆ ಕೇಳುವಂತೆ, ಆದರೆ ಕೂಗದೆ ಹೇಳಿದಳು.

“ಆನು ಕೂಸಿನ ಕಳ್ಸಿದ್ದು ನೋಡಲೆ. ಕಾಯಲೆ ಕಳ್ಸಿದ್ದಲ್ಲ.”

ಆಯಿ ತಿರುಗಿ ಬಂದು ನನಗೆ ಸಾರು ಬಡಿಸಿದಳು. ಅವಳ ಕಣ್ಣು ತುಂಬಿತ್ತು, ಹೊಗೆಗೆ ಅಲ್ಲ, ಒಲೆ ಆರಿತ್ತು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಆ ಕ್ಷಣದಲ್ಲೇ ನನಗೆ ಬೇರೊಂದು ಯೋಚನೆ ಬಂತು: ಇವಳು ನನ್ನನ್ನು ಕಳಿಸಿದ್ದು ನನ್ನ ಆಸೆಗೋ, ತನಗೆ ಬಂದು ಹೇಳಲಿ ಅಂತಲೋ? ಈಗ ಅಳುತ್ತಿರುವುದು ನಾನು ನೋಡಲಿಲ್ಲ ಅಂತಲೋ, ತನಗೆ ಸಿಗಲಿಲ್ಲ ಅಂತಲೋ? ಹೆತ್ತ ತಾಯಿಯ ಕಣ್ಣೀರನ್ನು ಹಾಗೆ ತೂಗಿ ನೋಡಿದೆ, ತಲೆ ತಗ್ಗಿಸಿ ಊಟ ಮಾಡಿದೆ.